ಇಲ್ಲವೆನ್ನಲು ಬಾರದ ಹಸಿರು ಗುಂಡಿಯವರಿಗೆ

ಮಾನ್ಯರೇ,

ಬರೆದವರೇ ಪುಸ್ತಕ ಪ್ರಕಟಿಸಿಕೊಳ್ಳುವ ಜಾಲತಾಣದ ಕೊನೆಯ ಪುಟದಲ್ಲಿ, ಬಲಗಡೆಯ ಮೂಲೆಯಲ್ಲಿ, ಮೈತುಂಬ ಹಸಿರು ಬಳಿದುಕೊಂಡು, ಎದೆಯ ಮೇಲೆ ‘ಪ್ರಕಟಿಸಿ’ ಎಂದು ಬರೆಸಿಕೊಂಡು, ಬಿಸಿಲು ಚಳಿ ಎನ್ನದೆ ಲೇಖಕರ ದಾರಿ ಕಾಯುತ್ತಿರುವ ಗುಂಡಿ ಮಹಾಶಯರಾದ ತಮಗೆ, ಇನ್ನೂ ಯಾವ ಪುಸ್ತಕದ ಬೆನ್ನಿನ ಮೇಲೂ ಹೆಸರಿಲ್ಲದ ಈ ಬಡಪಾಯಿ ಕಾದಂಬರಿಕಾರನ ಸಾಷ್ಟಾಂಗ ನಮಸ್ಕಾರಗಳು. ತಾವು ಕ್ಷೇಮವೆಂದು ಭಾವಿಸುತ್ತೇನೆ. ಕ್ಷೇಮವಲ್ಲದೆ ಇನ್ನೇನಾಗಬೇಕು, ತಮಗೆ ಓದುವ ಕಷ್ಟವೊಂದಿಲ್ಲವಲ್ಲ.

ತಮ್ಮ ಮೇಲೆ ನನ್ನದೊಂದು ದೂರಿದೆ. ತಾವು ತೀರಾ ಒಳ್ಳೆಯವರು. ಲೋಕದಲ್ಲಿ ಇಷ್ಟು ಒಳ್ಳೆಯವರಾಗಿರುವುದು ಯಾರಿಗೂ ಕ್ಷೇಮವಲ್ಲ, ಅದರಲ್ಲೂ ನನ್ನಂಥ ಆತುರಗಾರನ ಬೆರಳಿಗೆ ಎಟಕುವಷ್ಟು ಹತ್ತಿರದಲ್ಲಿ ಕೂತು ಇಷ್ಟು ಒಳ್ಳೆಯವರಾಗಿರುವುದು ಖಂಡಿತ ಸಲ್ಲ.

ನಾನು ಯಾರೆಂದು ತಾವು ಕೇಳಿಲ್ಲ, ಆದರೂ ಹೇಳುತ್ತೇನೆ. ಹುಟ್ಟಿದೂರು ಬಿಟ್ಟು ಬಂದು, ಒಂದು ದೊಡ್ಡ ವಸತಿ ಹೋಟೆಲಿನ ನೆಲಮಾಳಿಗೆಯ ಲಾಂಡ್ರಿಯಲ್ಲಿ ಬೆಡ್‌ಶೀಟ್ ಮಡಚುವುದು ನನ್ನ ಕೆಲಸ. ಮೇಲಿನ ಮಹಡಿಗಳಲ್ಲಿ ಜನ ಮಲಗೆದ್ದ ಬೆಡ್‌ಶೀಟುಗಳೆಲ್ಲ ಕೆಳಗಿಳಿದು, ಮಿಂದು, ಒಣಗಿ, ಬಿಸಿ ಬಿಸಿಯಾಗಿ ನನ್ನ ಕೈಗೆ ಬರುತ್ತವೆ. ದೊಡ್ಡ ಬೆಡ್‌ಶೀಟನ್ನು ಒಬ್ಬರೇ ಮಡಚಲಾಗುವುದಿಲ್ಲ. ಆ ತುದಿಗೊಬ್ಬರು ಈ ತುದಿಗೊಬ್ಬರು ಹಿಡಿದು, ಒಮ್ಮೆ ಜಾಡಿಸಿ, ಒಬ್ಬರತ್ತ ಒಬ್ಬರು ನಡೆದು ಬಂದು ಮೂಲೆಗೆ ಮೂಲೆ ಕೂಡಿಸಬೇಕು. ನನ್ನ ಎದುರು ತುದಿ ಹಿಡಿಯುವವರು ನಮ್ಮ ಮೇಲ್ವಿಚಾರಕಿ. ಅವರು ನಮ್ಮಲ್ಲಿ ಯಾರಿಗೂ ನೆಂಟರಲ್ಲದಿದ್ದರೂ ಎಲ್ಲರಿಗೂ ದೊಡ್ಡಮ್ಮ. ಒಣಗಿಸುವ ಯಂತ್ರಗಳ ಗದ್ದಲದಲ್ಲಿ ದೂರ ನಿಂತರೆ ಒಂದಕ್ಷರ ಕೇಳಿಸದು. ಆದ್ದರಿಂದ ದೊಡ್ಡಮ್ಮ ಮಾತಾಡುವುದು ಮೂಲೆಗಳು ಕೂಡಿದಾಗ ಮಾತ್ರ. ಒಂದು ಬೆಡ್‌ಶೀಟಿಗೆ ಒಂದು ಮಾತು, ಉಳಿದದ್ದು ಮುಂದಿನ ಬೆಡ್‌ಶೀಟಿಗೆ.

ಇಂಥ ಕಡೆ ಕಾದಂಬರಿ ಬರೆಯುವುದು ಹೇಗೆ? ಕೈ ಎರಡೂ ಬೆಡ್‌ಶೀಟಿಗೆ ಮುಡಿಪು, ಬಾಯಿ ಮಾತ್ರ ಖಾಲಿ. ಅಂಗಿಯ ಜೇಬಿನಲ್ಲಿ ಫೋನಿಟ್ಟು, ರೆಕಾರ್ಡ್ ಒತ್ತಿ, ಮಡಚುತ್ತ ಮಡಚುತ್ತ ಒಬ್ಬ ಹಡಗಿನ ಕಪ್ತಾನನ ಮಹಾಸಾಹಸವನ್ನು ಇಡಿಯಾಗಿ ಬಾಯಲ್ಲೇ ಹೇಳಿದೆ. ನಾನು ಹಡಗು ಹತ್ತಿದವನಲ್ಲ, ಕಡಲನ್ನು ಬಸ್ಸಿನ ಕಿಟಕಿಯಿಂದ ಕಂಡವನು, ಆದರೆ ಕಪ್ತಾನನಿಗೆ ಇದು ಗೊತ್ತಿರಲಿಲ್ಲ. ಹೇಳಿದ್ದನ್ನೆಲ್ಲ ಊರಿನಲ್ಲಿರುವ ಅಕ್ಕನಿಗೆ ಕಳಿಸಿದೆ, ಅಕ್ಕ ಟೈಪು ಮಾಡಿದಳು.

ಇಲ್ಲಿ ಒಂದು ಮಾತು ಅರಿಕೆ ಮಾಡಬೇಕು. ನನ್ನ ಅಕ್ಕ ಕೋರ್ಟಿನಲ್ಲಿ ಸ್ಟೆನೋಗ್ರಾಫರ್. ಸಾಕ್ಷಿ ಕೆಮ್ಮಿದರೆ ‘ಕೆಮ್ಮಿದರು’ ಎಂದು, ವಕೀಲರು ತಡವರಿಸಿದರೆ ತಡವರಿಸಿದಷ್ಟನ್ನೂ ಬರೆದು ಅಭ್ಯಾಸವಾದವಳು. “ಕಿವಿಗೆ ಬಿದ್ದಿದ್ದೆಲ್ಲ ದಾಖಲಾಗ್ಬೇಕು ಕಣೋ, ಇದು ಬೇಕು ಅದು ಬೇಡ ಅನ್ನೋಕೆ ನಾನ್ಯಾರು?” ಎನ್ನುವುದು ಆಕೆಯ ವೃತ್ತಿಧರ್ಮ. ಹಾಗಾಗಿ ಅವಳು ಟೈಪು ಮಾಡಿದ ಕಾದಂಬರಿಯಲ್ಲಿ, ಹಾಯಿಗಳು ಹರಿದು ಹಡಗು ವಾಲುತ್ತಿರುವಾಗ ಕಪ್ತಾನನು ಬಿರುಗಾಳಿಗೆ ಮುಖವೊಡ್ಡಿ ಹೀಗೆ ಗರ್ಜಿಸುತ್ತಾನೆ: “ನಾಲ್ಕನೇ ಮಹಡಿ ದಿಂಬಿನ ಕವರು ಕಡಿಮೆ ಬಂದಿದೆ, ಯಾರು ಎಣಿಸಿದ್ದು?” ನಾಯಕಿ ದಂಡೆಯಲ್ಲಿ ನಿಂತು ಕಣ್ಣೀರಿಡುತ್ತ, “ಒದ್ದೆ ಇರೋದನ್ನ ಮಡಚಬೇಡ ಅಂತ ಬಡ್ಕೊಂಡೆ ನಾನು, ನಿಂಗೆ ಕಿವಿ ಇದೆಯೋ ಇಲ್ವೋ?” ಎನ್ನುತ್ತಾಳೆ. ಕಡಲ್ಗಳ್ಳರು ಖಡ್ಗ ಹಿರಿದು ನುಗ್ಗುವಷ್ಟರಲ್ಲಿ ಇಡೀ ಲಾಂಡ್ರಿ ಊಟಕ್ಕೆ ಎದ್ದು ಹೋಗುತ್ತದೆ, ಕಡಲ್ಗಳ್ಳರು ಪಾಪ ಖಡ್ಗ ಎತ್ತಿಕೊಂಡೇ ನಿಂತಿರುತ್ತಾರೆ.

ಟೈಪಾದದ್ದನ್ನು ಒಮ್ಮೆ ಓದಿ ನೋಡಬಹುದಿತ್ತಲ್ಲ ಎಂದು ಬೇರೆ ಯಾರಾದರೂ ಕೇಳಿಯಾರು. ತಾವು ಕೇಳುವುದಿಲ್ಲ, ಅದು ತಮ್ಮ ದೊಡ್ಡತನ. ನನ್ನದೇ ಬಾಯಿಂದ ಬಂದ ಕಾದಂಬರಿಯನ್ನು ನಾನೇ ಯಾಕೆ ಓದಬೇಕೆಂಬ ಧೈರ್ಯದಲ್ಲಿ ಅದನ್ನು ಹಾಗೆ ಹಾಗೇ ಮುದ್ರಿಸಿ, ದಾರ ಕಟ್ಟಿ, ಹೆಸರಾಂತ ಪ್ರಕಾಶನವೊಂದಕ್ಕೆ ಹೊತ್ತುಕೊಂಡು ಹೋದೆ.

ಆ ಕಚೇರಿ ಕನ್ನಡಕದ ಅಂಗಡಿಯೊಂದರ ಮೇಲಿದೆ. ಮೆಟ್ಟಿಲ ಮೇಲೂ ಹಸ್ತಪ್ರತಿ, ಕಿಟಕಿಯಲ್ಲೂ ಹಸ್ತಪ್ರತಿ, ಬಂದವರು ಕೂರಲೆಂದು ಹಾಕಿದ ಕುರ್ಚಿಯಲ್ಲಿ ಒಂದು ಐತಿಹಾಸಿಕ ಕಾದಂಬರಿ ಆರಾಮವಾಗಿ ಕೂತಿತ್ತು. ಬಾಗಿಲ ಬಳಿಯ ಹಿರಿಯ ಗುಮಾಸ್ತರು ನನ್ನ ಕಟ್ಟನ್ನು ಕೈಯಲ್ಲೇ ತೂಗಿ ನೋಡಿ, “ಹೊಸಬರಾ? ಆ ರಾಶಿ. ಹಳಬರಾದ್ರೆ ಈ ರಾಶಿ. ತೀರ್ಕೊಂಡಿದ್ರೆ ಒಳಗಿನ ಕೋಣೆ, ಅದು ಸ್ವಲ್ಪ ಬೇಗ ಆಗುತ್ತೆ” ಎಂದರು. ನಾನು ಸದ್ಯಕ್ಕೆ ಬದುಕಿದ್ದೇನೆಂದು ಸಂಕೋಚದಿಂದ ಒಪ್ಪಿಕೊಂಡೆ. “ಹಂಗಾದ್ರೆ ಕಾಯ್ಬೇಕು” ಎಂದರು.

ಕಾದೆ. ನಾನು ಕಾಯುತ್ತಿದ್ದಾಗಲೇ ನನ್ನ ಜೊತೆ ಕೋಣೆ ಹಂಚಿಕೊಂಡಿರುವ, ಅದೇ ಹೋಟೆಲಿನ ಅಡುಗೆಮನೆಯಲ್ಲಿ ದುಡಿಯುವ ಅಡುಗೆಯಣ್ಣ ಒಂದು ಮಧ್ಯಾಹ್ನ ತಮ್ಮ ಪಾದ ಸೇರಿದ. ಊಟವಾದ ಮೇಲೆ ಕವಿತೆ ಸೇರಿಸಲು ಕೂತವನು, ಸಂಜೆ ಕೆಲಸಕ್ಕೆ ಹೊರಡುವಷ್ಟರಲ್ಲಿ ಪ್ರಕಟಿತ ಕವಿಯಾಗಿದ್ದ. ಅವನ ಸಂಕಲನ ಕೊಂಡವರ ತಟ್ಟೆಗೆ ಒಂದು ಸೌಟು ಹೆಚ್ಚು ಬೀಳುತ್ತದೆಂಬ ಸುದ್ದಿ ಹಬ್ಬಿ, ಹೋಟೆಲಿನ ನೌಕರರೆಲ್ಲ ಈಗ ಕಾವ್ಯಪ್ರೇಮಿಗಳು. “ಏನಪ್ಪಾ, ನಿನ್ನ ಹಡಗು ದಡ ಸೇರ್ತಾ?” ಎಂದು ಅವನು ದಿನಾ ಕೇಳುತ್ತಿದ್ದ. ಬಡಿಸುವವನೇ ಕವಿಯಾದರೆ ಓದುಗರಿಗೆ ಬರವಿಲ್ಲ. ಬೆಡ್‌ಶೀಟ್ ಮಡಚುವವನು ಯಾರ ತಟ್ಟೆಗೆ ಏನು ಹಾಕಲಿ?

ಹಾಗೆ ನಾನೂ ತಮ್ಮ ಸನ್ನಿಧಿಗೆ ಬಂದೆ. ಎಂಥ ಸ್ವಾಗತ! ಹೆಸರು ಹಾಕುವ ಮೊದಲೇ ‘ನಮಸ್ಕಾರ ಲೇಖಕರೇ’ ಎಂದಿರಿ. ಹೆತ್ತಮ್ಮ ಕೂಡ ನನ್ನನ್ನು ಹಾಗೆ ಕರೆದವಳಲ್ಲ. ಬೆಳ್ಳಿಯ ಯೋಜನೆ, ಚಿನ್ನದ ಯೋಜನೆ, ವಜ್ರದ ಯೋಜನೆ ಎಂದು ಒಡವೆ ಅಂಗಡಿಯ ಹಾಗೆ ಮುಂದಿಟ್ಟು, ಕರಡು ತಿದ್ದುವವನೂ ನಾನೇ, ಬೆನ್ನಪುಟದಲ್ಲಿ ನನ್ನನ್ನು ಹೊಗಳುವವನೂ ನಾನೇ, ಬೆಲೆ ಕಟ್ಟುವವನೂ ನಾನೇ, ಬಹುಶಃ ಕೊಳ್ಳುವವನೂ ನಾನೇ ಎಂದು ಸಕಲ ಅಧಿಕಾರವನ್ನೂ ನನ್ನ ತಲೆಗೇ ಕಟ್ಟಿದಿರಿ. ಮುಖಪುಟಕ್ಕೆ ಕಡಲಿನ ಚಿತ್ರ ವಜ್ರದವರಿಗೆ ಮಾತ್ರವೆಂದು ತಿಳಿದು, ನನ್ನ ಕಪ್ತಾನನ ಹಿಂದೆ ಒಂದು ಹಿಮದ ಬೆಟ್ಟ ನಿಲ್ಲಿಸಿದೆ. ತಾವು ‘ಅದ್ಭುತ ಆಯ್ಕೆ’ ಎಂದಿರಿ. ಬೆಟ್ಟದ ಬದಲು ಅರೆಬೆಂದ ಮೊಟ್ಟೆಯ ಚಿತ್ರ ಹಾಕಿ ನೋಡಿದೆ. ಅದಕ್ಕೂ ‘ಅದ್ಭುತ ಆಯ್ಕೆ’ ಎಂದಿರಿ. ಆಗಲೇ ನನಗೆ ಸಣ್ಣ ಅನುಮಾನ ಬರಬೇಕಿತ್ತು.

ಬೆರಳು ತಮ್ಮ ಮೇಲೆ ಇಳಿಯುತ್ತಿದ್ದ ಗಳಿಗೆಯಲ್ಲೇ ಆ ಪ್ರಕಾಶನದ ಸಂಪಾದಕಿಯವರ ಫೋನ್ ಬಂತು. ಹಸ್ತಪ್ರತಿಯನ್ನು ಮೊದಲಿಂದ ಕೊನೆಯವರೆಗೆ ಓದಿದ್ದರು. ಗುಂಡಿ ಮಹಾಶಯರೇ, ಈ ಭೂಮಿಯ ಮೇಲೆ ಅದನ್ನು ಓದಿದ ಮೊದಲ ಮನುಷ್ಯರು ಅವರು, ಬರೆದ ನನ್ನನ್ನೂ ಸೇರಿಸಿ. “ಕಪ್ತಾನನ್ನ ಮುಳುಗಿಸಿಬಿಡ್ರೀ” ಎಂಬುದು ಅವರ ಮೊದಲ ಮಾತು. “ಅವನು ಬಾಯಿ ಬಿಟ್ರೆ ನಿದ್ದೆ ಬರುತ್ತೆ. ಆದ್ರೆ ಮಧ್ಯೆ ಮಧ್ಯೆ ಬರ್ತಾರಲ್ಲ, ಬೆಡ್‌ಶೀಟ್ ಹಿಡ್ಕೊಂಡು ಒಂದೊಂದೇ ಮಾತು ಆಡ್ತಾರಲ್ಲ, ಆ ದೊಡ್ಡಮ್ಮ, ಅವರು ಯಾರು? ಎಂಥಾ ಪ್ರಯೋಗ ಮಾಡಿದೀರಿ! ಅದೇ ನಿಮ್ಮ ಕಾದಂಬರಿ. ಅವರ ಮಗಳ ವಿಷಯ ಬರೋ ಪುಟ ಇದೆಯಲ್ಲ, ಅದನ್ನ ಓದಿ ನಾನು ಎದ್ದು ಮುಖ ತೊಳ್ಕೊಂಡು ಬಂದೆ. ಆ ಒಂದು ಪುಟಕ್ಕೋಸ್ಕರ ನಾವು ಈ ಪುಸ್ತಕ ತರ್ತೀವಿ.” ಅದು ಪ್ರಯೋಗವಲ್ಲ ಮೇಡಂ, ನಮ್ಮಕ್ಕನ ಟೈಪಿಂಗು ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಮೆತ್ತಗೆ ಇನ್ನೊಂದು ಕೇಳಿದರು: “ಒಂದ್ನಿಮಿಷ. ಪುಸ್ತಕದಲ್ಲಿ ತಾವಿದೀವಿ ಅಂತ ಅವರಿಗೆ ಗೊತ್ತಾ?”

ನನಗೇ ಗೊತ್ತಿರಲಿಲ್ಲವಲ್ಲ, ಅವರಿಗೆಲ್ಲಿ ಗೊತ್ತಿರಬೇಕು!

ಅವಮಾನವಾಯಿತು. ಲಾಂಡ್ರಿಯ ಮಾತೆಲ್ಲ ಕಿತ್ತು, ಕಪ್ತಾನನೊಬ್ಬನನ್ನೇ ಉಳಿಸಿ, ತಮ್ಮನ್ನು ಒತ್ತಿ ಆ ಸಂಪಾದಕಿಗೆ ತೋರಿಸಿಯೇ ಬಿಡುತ್ತೇನೆಂದು ಹಟ ಹಿಡಿದು ಕೂತೆ. ಕಿತ್ತ ಮೇಲೆ ಉಳಿದದ್ದನ್ನು ಮೊದಲ ಸಲ ಓದಿದೆ. ಆ ಕಪ್ತಾನನ ಜೊತೆ ನನಗೇ ಅರ್ಧ ಪುಟ ಬಾಳಲಾಗಲಿಲ್ಲ. ಕಿತ್ತಿದ್ದನ್ನೆಲ್ಲ ತೆಪ್ಪಗೆ ಮತ್ತೆ ಒಳಗೆ ಸೇರಿಸಿದೆ.

ಮಾರನೆಯ ದಿನ ಊಟದ ಹೊತ್ತಿನಲ್ಲಿ, ಯಂತ್ರಗಳು ಸುಮ್ಮನಾದಾಗ, ಟವೆಲುಗಳ ಗಾಡಿಯ ಪಕ್ಕ ಕೂತು ದೊಡ್ಡಮ್ಮನಿಗೆ ಓದಿ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. ಅವರಿಗೆ ಹೆಮ್ಮೆ ಉಕ್ಕಿ ಬಂತು. “ನಾನು ಹಿಂಗೆಲ್ಲ ಮಾತಾಡ್ತೀನಾ? ಪರವಾಗಿಲ್ವೇ!” ಎಂದು ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕರು. “ಇಲ್ಲಿ ನಿಂಗೆ ಬೈದಿದ್ದು ಕಡಿಮೆ ಆಯ್ತು, ಅವತ್ತು ಇನ್ನೂ ಬೈದಿದ್ದೆ, ಸೇರಿಸು.” “ಈ ಕಪ್ತಾನ ಅನ್ನೋನು ಇಷ್ಟು ಹೊತ್ತಾದ್ರೂ ಏನೂ ತಿಂದಿಲ್ವಲ್ಲೋ, ಅದಕ್ಕೇ ಹಂಗೆ ಕಿರುಚಾಡ್ತಾನೆ.” ಹೀಗೆ ಸರಾಗವಾಗಿ ಸಾಗಿ ಮಗಳ ಪುಟಕ್ಕೆ ಬಂದೆವು. ಎಷ್ಟೋ ದಿನಗಳಲ್ಲಿ, ಎಷ್ಟೋ ಬೆಡ್‌ಶೀಟುಗಳ ಮೂಲೆ ಕೂಡಿದಾಗ, ತುಂಡು ತುಂಡಾಗಿ ಅವರು ಆಡಿದ್ದನ್ನು ಅಕ್ಕ ಒಂದಕ್ಷರ ಬಿಡದೆ ಒಂದೇ ಕಡೆ ಜೋಡಿಸಿದ್ದಳು. ಆ ಪುಟದಲ್ಲಿ ಏನಿತ್ತೆಂದು ಇಲ್ಲಿ ಬರೆಯಲಾರೆ, ಯಾಕೆಂದು ತಮಗೆ ಇನ್ನೊಂದು ಕ್ಷಣದಲ್ಲಿ ತಿಳಿಯುತ್ತದೆ. ಮಗಳು ಮುನಿಸಿಕೊಂಡು ಹೋದವಳು, ಬೇರೆ ಊರಿನಲ್ಲಿದ್ದಾಳೆ, ಮಾತು ನಿಂತಿದೆ ಎಂಬಷ್ಟು ಸಾಕು. ಪೂರ್ತಿ ಕೇಳಿದ ಮೇಲೆ ದೊಡ್ಡಮ್ಮ ಟವೆಲಿನ ಅಂಚು ನೀವುತ್ತ, “ಇದು ಬೇಡ” ಎಂದರು.

ನಾನು ಬಿಡಲಿಲ್ಲ. “ದೊಡ್ಡಮ್ಮ, ಹೆಸರೇ ಹಾಕಿಲ್ವಲ್ಲ, ಯಾರಿಗೂ ಗೊತ್ತಾಗಲ್ಲ” ಎಂದೆ.

“ಅವಳಿಗೆ ಗೊತ್ತಾಗುತ್ತಲ್ಲೋ” ಎಂದರು. “ಕೈಗೆ ಸಿಕ್ಕಿದ್ದೆಲ್ಲ ಓದೋ ಹುಡುಗಿ ಅದು, ಪೊಟ್ಟಣ ಕಟ್ಟಿದ ಕಾಗದನೂ ಬಿಡೋದಿಲ್ಲ. ಇದನ್ನ ಅವಳಿಗೆ ನಾನು ಹೇಳ್ಬೇಕು. ನನ್ನ ಬಾಯಲ್ಲಿ. ನಿನ್ನ ಪುಸ್ತಕ ಯಾರೋ ಹೇಳೋಕೆ?”

ಆ ಪುಟ ತೆಗೆದರೆ ಪ್ರಕಾಶನದವರು ಕೈಬಿಡಬಹುದೆಂದು ಅಲವತ್ತುಕೊಂಡೆ. “ಬಿಡ್ಲಿ” ಎಂದು ಎದ್ದು, “ಎದ್ದೇಳು, ಶೀಟ್ ಹಿಡಿ” ಎಂದರು.

ಗುಂಡಿ ಮಹಾಶಯರೇ, ಆಗ ಮತ್ತೆ ತಮ್ಮ ನೆನಪಾಯಿತು, ನನ್ನ ನಿಜವಾದ ದೂರು ಶುರುವಾಗುವುದೇ ಇಲ್ಲಿ. ದೊಡ್ಡಮ್ಮ ಬೇಡವೆಂದರು, ಅವರನ್ನು ಕೇಳದೆ ಹಾಕುವುದು ಸಂಪಾದಕಿಗೂ ಬೇಡವಾಗಿತ್ತು, ಅಕ್ಕನಿಗೆ ಫೋನ್ ಮಾಡಿದರೆ ಅವಳು ಇನ್ನೂ ಮೇಲೆ: “ದಾಖಲಾದ ಮಾತನ್ನ ಅಳಿಸೋ ಹಾಗಿಲ್ಲ, ಬೇಕಾದ್ರೆ ‘ಇಲ್ಲಿ ಒಂದು ಪುಟ ತೆಗೆದಿದೆ’ ಅಂತ ಹಾಕ್ತೀನಿ” ಎಂದಳು. ಇಡೀ ಜಗತ್ತಿನಲ್ಲಿ ಏನೂ ಕೇಳದೆ, ಏನೂ ಅನ್ನದೆ, ತೋಳು ಚಾಚಿ ನಿಂತಿದ್ದವರು ತಾವೊಬ್ಬರೇ. ಫೋನ್ ತೆರೆದೆ. ದೊಡ್ಡಮ್ಮನ ಪುಟ ಒಳಗೇ ಇತ್ತು, ಮೊಟ್ಟೆ ಮುಖಪುಟದಲ್ಲಿತ್ತು, ತಾವು ಎಂದಿಗಿಂತ ಹಸಿರಾಗಿದ್ದಿರಿ. ‘ಈ ಕೃತಿಯಲ್ಲಿರುವುದೆಲ್ಲ ನನ್ನದೇ’ ಎಂಬ ಸಾಲಿನ ಮುಂದೆ ಸಣ್ಣದೊಂದು ಚೌಕವಿತ್ತು. ಅದರಲ್ಲಿ ಒಂದು ಗೀಟು ಹಾಕಿದರೆ ದೊಡ್ಡಮ್ಮನ ಮಗಳು ನನ್ನವಳಾಗುತ್ತಿದ್ದಳು, ದೊಡ್ಡಮ್ಮನ ನೋವು ನನ್ನದಾಗುತ್ತಿತ್ತು, ರಾಯಲ್ಟಿಯಂತೂ ಪೂರ್ತಿ ನನ್ನದೇ. ನಾನು ಗೀಟು ಹಾಕಿದೆ. ತಾವು ‘ಇನ್ನೊಂದೇ ಹೆಜ್ಜೆ!’ ಎಂದು ಹುರಿದುಂಬಿಸಿದಿರಿ.

ಯಾವ ಪುಣ್ಯಾತ್ಮ ತಮಗೆ ಇಂಥ ಸಂಸ್ಕಾರ ಕಲಿಸಿದನೋ ಕಾಣೆ. ತಾವು ಒಂದೇ ಒಂದು ಸಲ ಕೆಂಪಾಗಬಾರದಿತ್ತೇ? ಬೇಡ, ಒಂದು ಸಣ್ಣ ಕೆಮ್ಮು? ಅಕ್ಕ ಅದನ್ನೂ ದಾಖಲಿಸುತ್ತಿದ್ದಳು. ಇನ್ನು ಮುಂದಾದರೂ ಯಾರಾದರೂ ಹೊಸ ಲೇಖಕ ಬೆರಳು ತಂದಾಗ, ತಾವು ಪರದೆಯ ಮೇಲೆ ಇಲಿಯ ಹಾಗೆ ಆ ಮೂಲೆಯಿಂದ ಈ ಮೂಲೆಗೆ ಓಡಿ ಒಂದಿಷ್ಟು ಆಟವಾಡಿಸಬೇಕೆಂದು, ಕನ್ನಡಕ ಹಾಕಿಕೊಂಡು ಮೂರನೇ ಅಧ್ಯಾಯದವರೆಗಾದರೂ ಓದಬೇಕೆಂದು, ಓದುತ್ತ ಓದುತ್ತ ಕನಿಷ್ಠ ಒಂದು ಆಕಳಿಕೆಯನ್ನು ದಯಪಾಲಿಸಬೇಕೆಂದು, ‘ಇವರಿಗೆ ಗೊತ್ತಾ?’ ಎಂದು ಮೆತ್ತಗೆ ಒಂದು ಮಾತು ಕೇಳಬೇಕೆಂದು, ಅಷ್ಟೂ ಆಗದಿದ್ದಲ್ಲಿ ತಿಂಗಳಿಗೊಂದು ದಿನವಾದರೂ ಬಾಗಿಲು ಹಾಕಿ ‘ಊಟಕ್ಕೆ ಹೋಗಿದ್ದೇನೆ’ ಎಂದು ಬೋರ್ಡು ತಗುಲಿಸಬೇಕೆಂದು ಸವಿನಯವಾಗಿ ಪ್ರಾರ್ಥಿಸುತ್ತೇನೆ.

ಆ ಪ್ರಕಾಶನದವರ ಪರ ನಾನು ವಕಾಲತ್ತು ವಹಿಸುತ್ತಿದ್ದೇನೆಂದು ದಯವಿಟ್ಟು ತಿಳಿಯಬೇಡಿ. ಅವರಿಗೆ ಇದಕ್ಕಿಂತ ಉದ್ದದ ಪತ್ರ ಬರೆಯುವುದಿದೆ. ಅವರ ರಾಶಿಯ ಬುಡದಲ್ಲಿ ಇನ್ನೆಷ್ಟು ಅಕ್ಕಂದಿರು ಟೈಪು ಮಾಡಿದ ಏನೇನು ಕೊಳೆಯುತ್ತಿದೆಯೋ! ನನ್ನದು ಕೈಗೆ ಸಿಕ್ಕಿದ್ದು ಹಣೆಬರಹ, ಸಿಗದವರು ತಮ್ಮ ಬಳಿಗಲ್ಲದೆ ಇನ್ನೆಲ್ಲಿಗೆ ಹೋಗಬೇಕು? ಅವರು ಎಲ್ಲರಿಗೂ ಬಾಗಿಲು ಮುಚ್ಚಿ ಕೂರುತ್ತಾರೆ, ತಮಗೆ ಬಾಗಿಲೇ ಇಲ್ಲ. ಅಡುಗೆಯಣ್ಣ ಬರೆದದ್ದೆಲ್ಲ ಅವನದೇ ಹೆಂಡತಿಯ ಮೇಲಿನ ಪ್ರೀತಿ, ಹೆಂಡತಿ ಅದನ್ನು ಓದಿ ಹೂಂ ಅಂದದ್ದೂ ಆಗಿದೆ. ಅವನಿಗೆ ತಾವೇ ಸರಿ, ಯಾರ ಅಪ್ಪಣೆಯೂ ಬೇಕಿಲ್ಲ. ನಾನು ಮಾತ್ರ ಬೇರೆಯವರ ಬಾಯಿಂದ ಬಿದ್ದದ್ದನ್ನು ಜೇಬಿಗೆ ಹಾಕಿಕೊಂಡು ಬಂದವನು. ನನ್ನಂಥವನಿಗೆ ಅಡ್ಡ ಬರುವವರು ಯಾರಾದರೂ ಬೇಕು.

ಕೊನೆಗೆ ಗೀಟನ್ನು ಅಳಿಸಿದೆ, ಪುಟವನ್ನೂ ಅಳಿಸಿದೆ. ಅಕ್ಕ ನನ್ನ ಜೊತೆ ಮಾತು ಬಿಟ್ಟಿದ್ದಾಳೆ, ಬಿಟ್ಟ ದಿನ, ಹೊತ್ತು, ಕಾರಣ ಎಲ್ಲವನ್ನೂ ಬರೆದು ಕಳಿಸಿ ಆಮೇಲೆ ಬಿಟ್ಟಳು. ಸಂಪಾದಕಿಗೆ ಫೋನ್ ಮಾಡಿ ಹೇಳಿದೆ. “ತೆಗೆದಿದ್ದು ಸರಿ” ಎಂದರು, “ಆದ್ರೆ ಆ ಪುಟ ತೋರಿಸಿ ನಾನು ಎಲ್ಲರನ್ನೂ ಒಪ್ಪಿಸಿದ್ದೆ. ಈಗ ಇನ್ನೊಂದ್ಸಲ ಮೊದಲಿಂದ ಓದಿಸ್ಬೇಕು. ಆಗಲೂಬಹುದು, ಆಗದೇನೂ ಇರಬಹುದು. ಕಾಯ್ತೀರಾ?” ಕಾಯುತ್ತೇನೆ ಎಂದೆ. ಹೇಳಿ ಮುಗಿಸಿದ ಮೇಲೆ ನನಗೇ ಆಶ್ಚರ್ಯವಾಗಿ ನಗು ಬಂದುಬಿಟ್ಟಿತು, ಮಹಾಶಯರೇ! ನಾನು, ಕಾಯುವವನು! ಬಸ್ಸು ನಿಲ್ಲುವ ಮೊದಲೇ ಇಳಿಯುವ ನಾನು! ಕಪ್ತಾನನನ್ನು ಅವತ್ತೇ ಸಕಲ ಗೌರವಗಳೊಂದಿಗೆ ಮುಳುಗಿಸಿದೆ. ಒಬ್ಬರೂ ಅಳಲಿಲ್ಲ.

ಈಗ ಇನ್ನೊಂದು ಸುದ್ದಿ. ಧ್ವನಿ ಸಂದೇಶ ಕಳಿಸುವುದು ಹೇಗೆಂದು ದೊಡ್ಡಮ್ಮ ಮೊನ್ನೆ ನನ್ನಿಂದ ಹೇಳಿಸಿಕೊಂಡರು. ಯಾರಿಗೆಂದು ನಾನು ಕೇಳಲಿಲ್ಲ. ಊಟದ ಹೊತ್ತಿನಲ್ಲಿ ಟವೆಲುಗಳ ಗಾಡಿಯ ಹಿಂದೆ ಕೂತು ಫೋನಿಗೆ ಏನೋ ಹೇಳುತ್ತಾರೆ, ಕೇಳಿಸಿಕೊಳ್ಳುತ್ತಾರೆ, “ಥೂ, ಇದು ಜಗಳದ ಥರ ಇದೆ” ಎಂದು ಅಳಿಸುತ್ತಾರೆ. ಮತ್ತೆ ಹೇಳುತ್ತಾರೆ. “ಇದು ಅತ್ತಂಗಿದೆ” ಎಂದು ಅದನ್ನೂ ಅಳಿಸುತ್ತಾರೆ. ನಾನು ಆ ಕಡೆ ತಿರುಗಿದರೆ, “ನಿನ್ನ ಜೇಬಲ್ಲಿರೋದನ್ನ ಮೊದ್ಲು ಆಫ್ ಮಾಡು” ಎನ್ನುತ್ತಾರೆ. ಹೀಗೆ ನಮ್ಮ ನೆಲಮಾಳಿಗೆಯಲ್ಲಿ ಈಗ ಎರಡು ಅಪ್ರಕಟಿತ ಕೃತಿಗಳಿವೆ, ನನ್ನದು ಎಷ್ಟು ಜನಕ್ಕೆ ತಲುಪಬೇಕೋ ನನಗೆ ತಿಳಿಯದು, ಅವರದು ಒಬ್ಬಳಿಗೆ ತಲುಪಿದರೆ ಸಾಕು.

ಇಂತು, ತಮ್ಮ ಮೈಮೇಲೆ ಬೆರಳಿಟ್ಟೂ ಒತ್ತದೆ ಹಿಂದೆ ಸರಿದ ಕೃತಘ್ನ, ಆದರೂ ಬೇರೆ ಗತಿಯಿಲ್ಲದ್ದರಿಂದ ಎಂದೆಂದಿಗೂ ತಮ್ಮ ವಿಶ್ವಾಸಿ,

ಎದುರು ತುದಿ ಹಿಡಿಯುವವನು

ವಿ.ಸೂ. (ಆಮೇಲೆ ಸೇರಿಸಿದ್ದು): ಈ ಪತ್ರವನ್ನು ಬಹಿರಂಗ ಮಾಡುವ ಮೊದಲು ದೊಡ್ಡಮ್ಮನಿಗೆ ಓದಿ ಹೇಳಿದೆ. ಎರಡು ಸಾಲು ಹೊಡೆಸಿದರು, ಒಂದು ಬೈಗುಳ ಸೇರಿಸಿದರು. “ಇದನ್ನ ಅವಳು ಓದಿದ್ರೆ ಓದ್ಲಿ. ಆದ್ರೆ ನಾನು ಮೊದ್ಲು, ಆಮೇಲೆ ನೀನು” ಎಂದು ಕಟ್ಟಪ್ಪಣೆ ಮಾಡಿದರು. ಅಂದಿನಿಂದ ಪತ್ರ ಫೋನಿನಲ್ಲೇ ಕೂತಿತ್ತು. ಇವತ್ತು ಬೆಳಿಗ್ಗೆ ಒಂದು ದೊಡ್ಡ ಬೆಡ್‌ಶೀಟಿನ ಮೂಲೆಗಳು ಕೂಡಿದಾಗ, ನನ್ನ ಮುಖ ನೋಡದೆ, “ಕಳಿಸ್ದೆ” ಎಂದರು. ಮುಂದಿನ ಬೆಡ್‌ಶೀಟಿಗೆ, “ಕೇಳಿಸ್ಕೊಂಡಿದಾಳೆ, ಇನ್ನೂ ಏನೂ ಅಂದಿಲ್ಲ” ಎಂದರು. ಅದರ ಮುಂದಿನದಕ್ಕೆ, “ನಿಂದು ಒತ್ಕೋ ಹೋಗು” ಎಂದರು. ಒತ್ತಲು ನನಗೆ ಗೊತ್ತಿರುವುದು ತಾವೊಬ್ಬರೇ, ಆದ್ದರಿಂದ ತಮ್ಮ ಮೇಲಿನ ಈ ದೂರನ್ನು ತಮಗೇ ಒಪ್ಪಿಸಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಸ್ವೀಕರಿಸಿ, ಬಣ್ಣದ ಕಾಗದದ ಚೂರುಗಳನ್ನು ಪರದೆ ತುಂಬ ಎರಚಿ, ‘ಅಭಿನಂದನೆಗಳು! ನಿಮ್ಮ ಕೃತಿಯನ್ನು ನಾವು ತುಂಬಾ ಇಷ್ಟಪಟ್ಟೆವು’ ಎಂದಿರಿ. ಯಾವ ಸಾಲು ಹೆಚ್ಚು ಹಿಡಿಸಿತೆಂದು ದಯವಿಟ್ಟು ತಿಳಿಸುವುದು.